ನಾಯಕನ ಮುಪ್ಪು, ನಟಿಯ ಪಾಲು

1995ರಲ್ಲಿ ತೆರೆಕಂಡ ‘ಪುಟ್ನಂಜ’ ನೋಡಿದವರು ಪುಟ್ಮಲ್ಲಿಯನ್ನು ಮರೆತಿರಲಾರರು. ನಾಯಕ ಪುಟ್ನಂಜನ ಅಜ್ಜಿ ಆಕೆ. ಬಾಯಿ ಜೋರು, ಮೊಮ್ಮಗನೆಂದರೆ ಪ್ರಾಣ. ಆ ಅಜ್ಜಿಯಾದ ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ಮೊಮ್ಮಗನಾದ ರವಿಚಂದ್ರನ್ 1961ರಲ್ಲಿ. ನಾಲ್ಕು ವರ್ಷದ ಅಂತರದಲ್ಲಿ ಎರಡು ತಲೆಮಾರು ಅಡಗಿ ಕೂತಿದ್ದವು. ಚಿತ್ರಮಂದಿರದಲ್ಲಿ ಯಾರೂ ಈ ಲೆಕ್ಕ ಹಾಕಲಿಲ್ಲ, ಹಾಕಬೇಕು ಅನ್ನಿಸಲೂ ಇಲ್ಲ. ಅದು ಉಮಾಶ್ರೀ ಅವರ ಕಸುಬಿನ ಗೆಲುವು ನಿಜ. ಜೊತೆಗೆ ನಮ್ಮ ಚಿತ್ರರಂಗದ ಒಂದು ಹಳೇ ಚಾಳಿಯೂ ಅದರೊಳಗಿದೆ.

ನಾಯಕನಿಗೆ ವಯಸ್ಸಾಗಬಾರದು ಎಂಬುದು ಆ ಚಾಳಿ. ಕಾಲ ಯಾರಿಗೂ ನಿಲ್ಲುವುದಿಲ್ಲವಾದ್ದರಿಂದ ಅವನ ಪಾಲಿನ ವರ್ಷಗಳನ್ನು ಬೇರೆ ಯಾರಾದರೂ ಹೊರಬೇಕು. ಹೊರುವವಳು ನಟಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾಗಿದ್ದ ಪಂಢರಿಬಾಯಿ ಮುಂದೆ ಅವರಿಗೇ ತಾಯಿಯಾದರು. ಕಣ್ಣಪ್ಪ ಹಾಗೇ ಉಳಿದ, ಹೆಂಡತಿಯ ಕೂದಲು ಮಾತ್ರ ನರೆಯಿತು. ಯಯಾತಿಯ ಕಥೆ ನಮಗೆಲ್ಲ ಗೊತ್ತು. ಶುಕ್ರಾಚಾರ್ಯರ ಶಾಪದಿಂದ ಬಂದ ಮುಪ್ಪನ್ನು ಅವನು ಮಗ ಪೂರುವಿಗೆ ದಾಟಿಸಿ, ಮಗನ ಯೌವನ ಪಡೆದು ಸುಖಿಸಿದ. ನಮ್ಮ ಬೆಳ್ಳಿತೆರೆಯ ಯಯಾತಿಯರಿಗೆ ಪೂರು ಆಗಿ ಒದಗಿದವರು ಹೆಚ್ಚಾಗಿ ಹೆಣ್ಣುಮಕ್ಕಳು.

ಇದನ್ನು ಉಮಾಶ್ರೀ ಅವರ ನೆವದಲ್ಲಿ ಬರೆಯಲು ಕಾರಣವಿದೆ. ಬೇಲೂರು ರಘುನಂದನ್ ಬರೆದು, ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕದಲ್ಲಿ ಆ ಪೂರುವಿನ ತಾಯಿಯಾಗಿ ರಂಗಕ್ಕೆ ಬಂದವರು ಅವರೇ. ಗಂಡ ಮಗನ ಹರೆಯ ಕಿತ್ತುಕೊಂಡಾಗ ಹೆತ್ತವಳು ಏನಾದಳು ಎಂದು ಪುರಾಣ ಹೆಚ್ಚು ಹೇಳುವುದಿಲ್ಲ. ರಾಜಕುಮಾರಿಯಾಗಿದ್ದವಳು ದೇವಯಾನಿಯ ದಾಸಿಯಾಗಿ, ಯಯಾತಿಯ ಗುಟ್ಟಿನ ಸಂಗಾತಿಯಾಗಿ, ಕೊನೆಗೆ ಮಗನೇ ತನಗಿಂತ ಮುದುಕನಾಗುವುದನ್ನು ಕಂಡವಳು. ಒಬ್ಬಳೇ ನಿಂತು ಇಷ್ಟೆಲ್ಲ ಬದುಕಬೇಕಾದ ಪಾತ್ರ. ಇದಕ್ಕೆ ಉಮಾಶ್ರೀ ಅವರಿಗಿಂತ ತಕ್ಕವರು ಸಿಗುವುದು ಕಷ್ಟ. ಬೇರೆಯವರ ವಯಸ್ಸನ್ನು ಮೈಮೇಲೆ ಹಾಕಿಕೊಂಡು ನಡೆದ ಅನುಭವ ಅವರಿಗೆ ದಶಕಗಳದ್ದು.

ಆ ನಡಿಗೆ ಸಿನಿಮಾದ್ದಲ್ಲ, ರಂಗದ್ದು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾದವರು ಉಮಾಶ್ರೀ. ಕಳೆದುಹೋದ ಹುಂಜವನ್ನು ಹುಡುಕುತ್ತ ಕೇರಿಯೆಲ್ಲ ಅಲೆಯುವ ಮುದುಕಿ, ಮನೆ ತುಂಬ ಮಕ್ಕಳು ಮೊಮ್ಮಕ್ಕಳು, ಸಾಹುಕಾರ ಎತ್ತಪ್ಪನಲ್ಲಿಂದ ಕದ್ದು ತಂದ ಕಡಲೆಕಾಯಿಯನ್ನು ಒಲೆಯ ಸುತ್ತ ಕೂತು ರಾತ್ರಿಯೆಲ್ಲ ತಿನ್ನುವ ಸಂಸಾರ. ಹಸಿವು ಇಷ್ಟು ಸಂಭ್ರಮವಾಗಿ ಕನ್ನಡದಲ್ಲಿ ಬೇರೆಲ್ಲೂ ಕಾಣಿಸಿಕೊಂಡಿಲ್ಲ. ಸ್ವತಃ ಹರೆಯದಲ್ಲಿದ್ದಾಗಲೇ ಉಮಾಶ್ರೀ ಆ ಮುಪ್ಪನ್ನು ಹೊತ್ತರು. ಊರು ತುಮಕೂರು ಸೀಮೆಯ ನೊಣವಿನಕೆರೆ, ಪಾತ್ರದ ಬಾಯಲ್ಲಿ ಮೈಸೂರು ಕಡೆಯ ಕೇರಿಯ ಮಾತು. ವಯಸ್ಸು, ನುಡಿ ಎರಡನ್ನೂ ಕಲಿತೇ ಗಳಿಸಬೇಕಿತ್ತು.

ಅಭಿನಯ ನೋಡುವ ಚಟವಿರುವವರಿಗೆ ಇಲ್ಲೊಂದು ಕಿವಿಮಾತು. ರಂಗದ ಮೇಲೆ ಮುದುಕಿ ಬಂದಾಗ ಸೊಂಟವನ್ನೂ ದನಿಯ ನಡುಕವನ್ನೂ ನೋಡಬೇಡಿ. ಸೊಂಟ ಬಗ್ಗಿಸುವುದು, ದನಿ ನಡುಗಿಸುವುದು ಶಾಲಾ ವಾರ್ಷಿಕೋತ್ಸವದ ಹುಡುಗಿಗೂ ಬರುತ್ತದೆ. ಕೂರುವ ಮುಂಚೆ ಕೈ ನೆಲವನ್ನು ಹುಡುಕುತ್ತದೆಯೇ, ಎದ್ದ ಮೇಲೆ ಮೊದಲ ಹೆಜ್ಜೆಗೆ ಮುನ್ನ ಮೈ ಒಂದು ಕ್ಷಣ ನಿಲ್ಲುತ್ತದೆಯೇ, ಉದ್ದದ ಬೈಗುಳದ ನಡುವೆ ಉಸಿರು ಎಲ್ಲಿ ಮುಗಿಯುತ್ತದೆ, ಇವನ್ನು ನೋಡಿ. ಮುಪ್ಪು ಮೈಯ ಮಿತವ್ಯಯ. ಇರುವ ಕಸುವನ್ನು ಅಳೆದು ಸುರಿಯುವ ರೀತಿ. ಅದನ್ನು ಬಲ್ಲ ನಟಿಗೆ ಬಿಳಿ ವಿಗ್ಗು ಬೇಕಿಲ್ಲ. ರಂಗಭೂಮಿಯಲ್ಲಿ ಸಾಕವ್ವನ ವಯಸ್ಸು ನಟಿಯ ಸಾಧನೆ. ತೆರೆಯ ಮೇಲೆ ಅದೇ ವಯಸ್ಸು ನಾಯಕನ ಅನುಕೂಲ.

ಸಿನಿಮಾ ಅವರನ್ನು ಗುರುತಿಸಿದ್ದು ಬೇರೆ ದಾರಿಯಲ್ಲಿ. ಕಾಶೀನಾಥ್ ಅವರ ‘ಅನುಭವ’ (1984) ಹೆಸರು ತಂದಿತು, ಹೆಸರಿನ ಜೊತೆಗೆ ಒಂದು ಹಣೆಪಟ್ಟಿಯನ್ನೂ. ಆಮೇಲೆ ಎನ್.ಎಸ್. ರಾವ್ ಅವರ ಜೋಡಿಯಾಗಿ ಸಾಲು ಸಾಲು ಹಾಸ್ಯ. ಎಷ್ಟೋ ಕಡೆ ದ್ವಂದ್ವಾರ್ಥದ ಮಾತು, ಎತ್ತರದ ದನಿ, ಮುಗಿಯದ ಜಗಳ. ಆ ಪಾತ್ರಗಳನ್ನು ಹಗುರವಾಗಿ ನೋಡುವವರು ಇದ್ದಾರೆ. ನಾನು ಆ ಗುಂಪಿನವನಲ್ಲ. ಬರೆದದ್ದು ತೆಳುವಾಗಿದ್ದಾಗ ಸಮಯಪ್ರಜ್ಞೆಯೊಂದರಿಂದಲೇ ನಗಿಸುವುದು ಕಂಪನಿ ನಾಟಕಗಳ ಕಾಲದಿಂದ ಬಂದ ಗಟ್ಟಿ ವಿದ್ಯೆ. ತಕರಾರು ಇಷ್ಟೇ: ಸಾಕವ್ವನನ್ನು ಕಟ್ಟಬಲ್ಲ ನಟಿಯಿಂದ ಚಿತ್ರರಂಗ ಬಹುಕಾಲ ಬಳಸಿಕೊಂಡದ್ದು ಗಂಟಲನ್ನು ಮಾತ್ರ.

ಆ ಗಂಟಲಿಗೆ ವಿರಾಮ ಕೊಟ್ಟವರು ಗಿರೀಶ ಕಾಸರವಳ್ಳಿ. ವೈದೇಹಿಯವರ ಕಥೆಯನ್ನು ಆಧರಿಸಿದ ‘ಗುಲಾಬಿ ಟಾಕೀಸ್’ ಚಿತ್ರದ ಗುಲಾಬಿ ಕುಂದಾಪುರ ಕಡೆಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಸಿನಿಮಾ ಹುಚ್ಚಿನವಳು. ಗಂಡ ಮೂಸಾ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಸ್ಥಿತಿವಂತರ ಮನೆಯಿಂದ ಟಿ.ವಿ.ಯೂ ಡಿಶ್ಶೂ ಬಂದ ಮೇಲೆ ಅವಳ ಗುಡಿಸಲೇ ಟಾಕೀಸು. ಅಲ್ಲಿಯವರೆಗೆ ಹೊಸ್ತಿಲು ದಾಟದಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಬರುತ್ತಾರೆ. ಹೊರಗೆ ಮೀನು ವ್ಯಾಪಾರದ ಪೈಪೋಟಿ ಮತದ ಬಣ್ಣ ಪಡೆಯುತ್ತದೆ. ಕಾರ್ಗಿಲ್ ಯುದ್ಧದ ಸುದ್ದಿ ಅದಕ್ಕೆ ತುಪ್ಪ ಸುರಿಯುತ್ತದೆ. ಕಡೆಗೆ ಗುಲಾಬಿ ಊರು ಬಿಡಬೇಕಾಗುತ್ತದೆ.

ಕನ್ನಡ ತೆರೆಯ ಅತಿ ವಾಚಾಳಿ ನಟಿ ಇಲ್ಲಿ ಬಹುಪಾಲು ನೋಡುವವಳು. ಪರದೆಯ ಮುಂದೆ ಕೂತ ಗುಲಾಬಿಯ ಮುಖವನ್ನು ನಾವು ನೋಡುತ್ತೇವೆ. ನೋಡುವುದನ್ನೇ ಅಭಿನಯಿಸುವುದು ಸುಲಭವಲ್ಲ. ಮೈಮರೆತವಳನ್ನು ತೋರಿಸಲು ನಟಿ ಪೂರಾ ಎಚ್ಚರದಲ್ಲಿರಬೇಕು. ಹಾಸ್ಯದ ವರ್ಷಗಳು ವ್ಯರ್ಥವಾಗಲಿಲ್ಲ ಎಂಬುದು ಗೊತ್ತಾಗುವುದು ಇಲ್ಲೇ. ಗುಲಾಬಿಯ ಜಂಬ, ಪುಟ್ಟ ಸುಳ್ಳುಗಳು, ತನ್ನ ಮನೆಗೆ ಜನ ಬಂದರೆಂಬ ಹಿಗ್ಗು ನಗು ತರಿಸುತ್ತವೆ. ಆ ನಗುವಿನಿಂದಾಗಿಯೇ ಕೊನೆಯ ಅನ್ಯಾಯ ನಮಗೆ ತಾಕುತ್ತದೆ. ಕಣ್ಣೀರಿನ ನಟಿಯೊಬ್ಬರು ಈ ಪಾತ್ರ ಮಾಡಿದ್ದರೆ ಮೊದಲ ರೀಲಿನಿಂದಲೇ ನಮಗೆ ಕರುಣೆ ಹುಟ್ಟುತ್ತಿತ್ತು, ಕೊನೆಗೆ ಕೊಡಲು ಏನೂ ಉಳಿಯುತ್ತಿರಲಿಲ್ಲ. 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಈ ಪಾತ್ರಕ್ಕೆ ಬಂತು. ಕನ್ನಡ ಚಿತ್ರಕ್ಕಾಗಿ ‘ಕಾಡು’ವಿನ ನಂದಿನಿ ಭಕ್ತವತ್ಸಲ, ‘ಹಸೀನಾ’ದ ತಾರಾ ಪಡೆದಿದ್ದ ಗೌರವ ಅದು.

ಕಾಸರವಳ್ಳಿ ಅಲ್ಲಿಗೇ ನಿಲ್ಲಲಿಲ್ಲ. ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯಿಂದ ‘ಕನಸೆಂಬ ಕುದುರೆಯನೇರಿ’ (2010) ಮಾಡುವಾಗ ಗುಣಿ ತೋಡುವ ಇರ್ಯಾನ ಪಾತ್ರಕ್ಕೆ ವೈಜನಾಥ ಬಿರಾದಾರ, ಅವನ ಹೆಂಡತಿ ರುದ್ರಿಗೆ ಉಮಾಶ್ರೀ. ಇಬ್ಬರೂ ಹಾಸ್ಯದ ಬೆಂಚಿನಿಂದ ಎದ್ದು ಬಂದವರು. ನಗಿಸಬಲ್ಲವರಿಗೆ ಲಯ ಗೊತ್ತಿರುತ್ತದೆ, ಲಯ ಗೊತ್ತಿದ್ದವರಿಗೆ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದೂ ಗೊತ್ತಿರುತ್ತದೆ.

ನಡುವೆ ರಾಜಕಾರಣ. 2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು. ಅದರ ಲೆಕ್ಕಾಚಾರ ಬೇರೆ ಅಂಕಣದವರಿಗಿರಲಿ. 2021ರಲ್ಲಿ ಅವರು ಎರಡು ಬಗೆಯ ತಾಯಂದಿರಾಗಿ ಒಟ್ಟಿಗೇ ಮರಳಿದರು. ‘ರತ್ನನ್ ಪ್ರಪಂಚ’ದ ಸರೋಜಮ್ಮನ ಬಾಯಿಗೆ ಬ್ರೇಕಿಲ್ಲ, ಮಗ ಧನಂಜಯನಿಗೆ ಆಕೆಯ ಪ್ರೀತಿಯೇ ತಲೆನೋವು. ಜೀ ಕನ್ನಡದಲ್ಲಿ ಆರೂರು ಜಗದೀಶ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ ಗಂಡು ಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದವಳು, ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದವಳು.

ಧಾರಾವಾಹಿ ಎಂದರೆ ಮೂಗು ಮುರಿಯುವ ರಂಗಾಸಕ್ತರು ಪುಟ್ಟಕ್ಕನನ್ನು ನಾಲ್ಕು ಕಂತು ಗಮನಿಸಿ. ದಿನಕ್ಕೊಂದು ಕಂತು ಒಪ್ಪಿಸುವ ಅವಸರದಲ್ಲಿ ತಾಲೀಮಿಗೆ ಸಮಯವಿರುವುದಿಲ್ಲ. ಎಲ್ಲರ ಮುಖವನ್ನೂ ಸರದಿಯಂತೆ ತೋರಿಸುವ ಕ್ಯಾಮೆರಾ ಅಭಿನಯವನ್ನು ಚೂರು ಚೂರು ಮಾಡುತ್ತದೆ. ಆ ಚೂರುಗಳನ್ನು ಮೈಯಲ್ಲೇ ಜೋಡಿಸಿಟ್ಟುಕೊಳ್ಳುವ ಅಭ್ಯಾಸ ರಂಗದಿಂದ ಬಂದವರಿಗೆ ಇರುತ್ತದೆ. ಸುತ್ತಲಿನವರು ಹಿನ್ನೆಲೆ ಸಂಗೀತಕ್ಕೆ ಕಾಯುತ್ತಿರುವಾಗ ಪುಟ್ಟಕ್ಕ ಕೈಗೆ ಸಿಕ್ಕ ಕೆಲಸ ಮಾಡುತ್ತ ಮಾತಾಡುವ ಹೆಂಗಸಾಗಿ ಕಾಣುವುದು ಆ ಕಾರಣಕ್ಕೆ.

2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದವರೊಂದಿಗೆ ಯಕ್ಷಗಾನದ ಮಂಥರೆಯಾಗಿ ಉಮಾಶ್ರೀ ಗೆಜ್ಜೆ ಕಟ್ಟಿದರು. ಭಾಗವತರ ಪದಕ್ಕೆ ಹೆಜ್ಜೆ, ಆಮೇಲೆ ಅರ್ಥ. ಹುಟ್ಟಿನಿಂದ ಅಭ್ಯಾಸವಿದ್ದವರಿಗೂ ಬೆವರಿಳಿಸುವ ಮಾಧ್ಯಮ ಅದು. ಮತ್ತೆ ಮುದುಕಿಯೇ ಎನ್ನಬಹುದು. ಆದರೆ ಮಂಥರೆ ಯಾವ ನಾಯಕನ ಅಜ್ಜಿಯೂ ಅಲ್ಲ, ತಾಯಿಯೂ ಅಲ್ಲ. ರಾಮಾಯಣದ ಗಾಡಿಯನ್ನೇ ತಿರುಗಿಸುವವಳು. ಗುಲಾಬಿಯೂ ಹಾಗೇ: ಊರ ಮಕ್ಕಳನ್ನೆಲ್ಲ ಲೋಕಕ್ಕೆ ತಂದವಳು, ಸ್ವಂತದ್ದೊಂದಿಲ್ಲ. ಉಮಾಶ್ರೀ ಅವರ ಉತ್ತಮ ಪಾತ್ರಗಳ ಪಟ್ಟಿ ಮಾಡಿದರೆ, ಯಾರ ಮುಪ್ಪನ್ನೂ ಹೊರದೆ ತಮ್ಮ ಕಥೆಯನ್ನು ತಾವೇ ನಡೆಸುವ ಇಂಥ ಹೆಂಗಸರೇ ಮೇಲೆ ಬರುತ್ತಾರೆ.

ಬಿಡುವಿದ್ದವರು ‘ಪುಟ್ನಂಜ’, ‘ಗುಲಾಬಿ ಟಾಕೀಸ್’ ಎರಡನ್ನೂ ಇದೇ ಕ್ರಮದಲ್ಲಿ ನೋಡಿ. ಮೂವತ್ತೆಂಟರ ನಟಿ ಅಜ್ಜಿಯಾದದ್ದು ಮೊದಲನೆಯದು, ಐವತ್ತರ ನಟಿ ತನ್ನದೇ ವಯಸ್ಸಿನಲ್ಲಿ ನಿಂತದ್ದು ಎರಡನೆಯದು. ಈಗ ಅವರ ವಯಸ್ಸು ಪುಟ್ಮಲ್ಲಿಯ ವಯಸ್ಸನ್ನು ಮುಟ್ಟಿದೆ. ಅವರಿಗಾಗಿ ಬರೆಯಲು ಕೂತವರು ನಾಯಕ ಯಾರೆಂದು ಮೊದಲು ನಿರ್ಧರಿಸುವುದನ್ನು ಬಿಟ್ಟರೆ ಸಾಕು, ಆ ವಯಸ್ಸಿನ ಬಗ್ಗೆ ಅವರಿಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ.