ಮಿಶನರಿಯ ಚರಿತ್ರೆಯಲ್ಲಿ ಮರೆಯಾದ ಅನುವಾದಕ

ತಂಪಾನೂರಿನ ನಿಲ್ದಾಣದಿಂದ ಉತ್ತರಕ್ಕೆ ಹೊರಟ ರೈಲುಮಾರ್ಗವು ತಲಶ್ಶೇರಿಯನ್ನು ಹಾಯ್ದು ಮಂಗಳೂರನ್ನು ಮುಟ್ಟುತ್ತದೆ. ಈ ಎರಡು ಊರುಗಳ ಹೆಸರಿನೊಡನೆ ಬೆಸೆದುಕೊಂಡವರು ಟ್ಯೂಬಿಂಗೆನ್ನಿನಲ್ಲಿ ವ್ಯಾಸಂಗ ಮಾಡಿದ ಇಬ್ಬರು ಗೆಳೆಯರು, ಹರ್ಮನ್ ಗುಂಡರ್ಟ್ (1814-1893) ಮತ್ತು ಹರ್ಮನ್ ಮೋಗ್ಲಿಂಗ್ (1811-1881). ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಗುಂಡರ್ಟರೂ ಮೋಗ್ಲಿಂಗರೂ ಭಾರತಕ್ಕೆ ಬಂದುದು ಒಂದೇ ವರ್ಷ, 1836ರಲ್ಲಿ. ಗುಂಡರ್ಟರ ನಿಘಂಟು (1872) ಅವರನ್ನು ಮಲಯಾಳದ ನಿತ್ಯಸ್ಮರಣೆಯಲ್ಲಿ ಉಳಿಸಿದೆ. ಮೋಗ್ಲಿಂಗರಾದರೋ ನಮ್ಮಲ್ಲಿ ಮುಖ್ಯವಾಗಿ 'ಮಂಗಳೂರ ಸಮಾಚಾರ'ದ (1843) ಸಂಪಾದಕರೆಂದೇ ಪರಿಚಿತರು.

ಗೆಳೆಯನ ಜೀವನಚರಿತ್ರೆಯನ್ನು ಗುಂಡರ್ಟರೇ 1882ರಲ್ಲಿ ಪ್ರಕಟಿಸಿದರು. ಅದರ ಶೀರ್ಷಿಕೆಯೇ ಹೇಳುವಂತೆ ಅದು ಒಂದು 'ಮಿಶನರಿ ಜೀವನ'. ಈ ಚೌಕಟ್ಟಿನಲ್ಲಿ ಸಾಹಿತ್ಯಕಾರ್ಯವು ಧರ್ಮಪ್ರಸಾರದ ಉಪಾಂಗವಾಗಿ ಕಾಣುವುದು ಸಹಜ. ಆದರೆ ಕೃತಿಗಳ ಸಾಕ್ಷ್ಯ ಬೇರೆ. ಕ್ಯಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ 1848ರಲ್ಲಿ ಮೊದಲಾದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಅಚ್ಚಾದವು. ಪರಮತವನ್ನು ಅರಿತು ಖಂಡಿಸುವುದು ಉದ್ದೇಶವಾಗಿದ್ದಿರಬಹುದು. ಖಂಡನೆಗೆ ಇಷ್ಟೊಂದು ಕಾವ್ಯರಾಶಿ ಬೇಕಿರಲಿಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಗೌರವ ಡಾಕ್ಟರೇಟ್ ನೀಡಿ ಮನ್ನಿಸಿದ್ದು ಈ ಶ್ರಮವನ್ನೇ.

1860ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ದಾಸರ ಪದಗಳ ಹಾಗೂ ಜೈಮಿನಿ ಭಾರತದ ಭಾಗಗಳ ಅನುವಾದವನ್ನು ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದರು. ಓದುಗರು ವಿದ್ವಾಂಸರು, ಅಲ್ಲಿ ಮತಾಂತರದ ಪ್ರಯೋಜನವಿಲ್ಲ. ವಿಮರ್ಶಕನು ನಿಲ್ಲಬೇಕಾದುದು ಇಲ್ಲಿಯೇ. ದಾಸರ ಪದ ಹಾಡಿಗಾಗಿ ಹುಟ್ಟಿದುದು. ಪ್ರತಿ ನುಡಿಯ ತರುವಾಯ ಮರಳುವ ಪಲ್ಲವಿಯು ಒಂದೇ ಮಾತಿಗೆ ಹೊಸ ಭಾವವನ್ನು ತುಂಬುತ್ತದೆ. ಓದಲೆಂದೇ ಮುದ್ರಿಸಿದ ಪುಟದಲ್ಲಿ ಅದು ಕೇವಲ ಪುನರುಕ್ತಿಯಾಗುವ ಅಪಾಯವಿದೆ. ಇನ್ನೊಂದು ತೊಡಕು ಸಾಮ್ಯದಿಂದಲೇ ಹುಟ್ಟುವಂಥದು. ದಾಸರ ಪಶ್ಚಾತ್ತಾಪದ ದನಿ ಕ್ರೈಸ್ತ ಭಕ್ತನಿಗೆ ಅಪರಿಚಿತವಲ್ಲ. ಆದರೆ ಮಾಧ್ವರ ತಾರತಮ್ಯದ ಹಿನ್ನೆಲೆಯುಳ್ಳ ದೈನ್ಯವೂ ಆದಿಪಾಪದ ಅರಿವಿನಿಂದ ಹುಟ್ಟುವ ದೈನ್ಯವೂ ಒಂದೇ ಅಲ್ಲ. ಜರ್ಮನ್ ಪದವೊಂದು ಇವೆರಡನ್ನೂ ಒಟ್ಟಿಗೆ ಹೊರುವಾಗ ಮೂಲದ ದರ್ಶನ ತೆಳುವಾಗುತ್ತದೆ.

ಹಾಗೆಂದು ಈ ಅನುವಾದಗಳನ್ನು ಬದಿಗಿಡಲಾಗದು. ಕನ್ನಡದ ಮಧ್ಯಕಾಲೀನ ಕಾವ್ಯಕ್ಕೆ ಯುರೋಪಿನ ವಿದ್ವತ್ಸಭೆಯಲ್ಲಿ ಸ್ಥಾನವುಂಟೆಂದು ಅವು ಸಾರಿದವು. ಇನ್ನು ಆಗಬೇಕಾದುದು ಮೋಗ್ಲಿಂಗರ ಪ್ರಶಂಸೆಯಲ್ಲ, ಅವರ ಜರ್ಮನ್ ಪಾಠವನ್ನು ಅವರೇ ಅಚ್ಚುಹಾಕಿಸಿದ ಕನ್ನಡ ಪಾಠದ ಪಕ್ಕದಲ್ಲಿಟ್ಟು ನುಡಿನುಡಿಯಾಗಿ ಪರಿಶೀಲಿಸುವ ಕಾರ್ಯ. ಅನುವಾದಕನ ನಿಜವಾದ ಜೀವನಚರಿತ್ರೆ ಆ ಎರಡು ಪಾಠಗಳ ನಡುವಣ ಅಂತರದಲ್ಲಿದೆ.