ಸೂಳೆಕೆರೆಯ ಐತಿಹ್ಯದಲ್ಲಿ ಹೆಸರಿನ ಬೆಲೆ

ಚನ್ನಗಿರಿ ತಾಲ್ಲೂಕಿನಲ್ಲಿ ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಸೂಳೆಕೆರೆಯ ಐತಿಹ್ಯವು ಹಲವು ಪಾಠಗಳಲ್ಲಿ ಹಬ್ಬಿದೆ. ಅವುಗಳ ತಿರುಳು ಇಷ್ಟು: ಸ್ವರ್ಗಾವತಿಯ ಅರಸನಾದ ವಿಕ್ರಮರಾಯನ ಮಗಳು ಶಾಂತವ್ವೆಯು ತಂದೆಯೊಪ್ಪದ ಒಲುಮೆಯಿಂದ ಸಿದ್ಧೇಶ್ವರನನ್ನು ಕೂಡಿದಳು, ಆ ಕಳಂಕವನ್ನು ತೊಳೆಯಲು ಕೆರೆ ಕಟ್ಟಿಸಲೆಳಸಿದಳು. ನೆಲವು ಸೂಳೆಯರದು. ಕೆರೆಗೆ ತಮ್ಮ ಹೆಸರೇ ನಿಲ್ಲಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು.

‘ಕೆರೆಗೆ ಹಾರ’ದೊಡನೆ ಇಟ್ಟು ನೋಡಿದರೆ ಈ ಕಥೆಯ ಹಿರಿಮೆ ತಿಳಿಯುವುದು. ಅಲ್ಲಿ ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿಯೇ ಆಹುತಿ. ನಿರ್ಣಯಿಸಿದವರು ಹಿರಿಯರು, ತೆತ್ತವಳು ಅವಳು. ದಂಡಿನಿಂದ ಮರಳಿದ ಗಂಡ ಮಾದೇವರಾಯನು ಶೋಕದಿಂದ ಅದೇ ನೀರಿಗೆ ಹಾರುವಲ್ಲಿ ಆ ಕೊಡುಕೊಳೆಯ ಕ್ರೌರ್ಯವು ಬಯಲಾಗುತ್ತದೆ. ಸೂಳೆಕೆರೆಗೆ ತೆತ್ತುದು ಪ್ರಾಣವಲ್ಲ, ಮಾನ. ಕಳಂಕವನ್ನು ತೊಳೆಯಹೊರಟವಳು ತಾನು ಅಂಜಿದ ಮಾತನ್ನೇ ಕೆರೆಯ ಹೆಸರಾಗಿ ನಿಲ್ಲಿಸಲೊಪ್ಪಿದಳು.

ಅರಸುಮಗಳ ಅಳಲನ್ನು ವಿಸ್ತರಿಸಿ, ನೆಲವಿತ್ತ ಹೆಂಗಸರನ್ನು ಒಂದೇ ಮಾತಿನಲ್ಲಿ ಮುಗಿಸುವುದು ಕಥೆ ಹೇಳುವವರ ದೋಷ. ಅವರು ಕೇಳಿದುದು ಹೊನ್ನನ್ನಲ್ಲ, ನೆನಪನ್ನು. ಲೋಕವು ಬೈಗುಳವೆಂದು ಎಸೆದ ಮಾತನ್ನು ಅವರು ಊರಿಗೆ ಉಣಿಸುವ ನೀರಿಗೆ ಕಟ್ಟಿದರು.

ಕೆರೆಗೆ ಈಗ ಶಾಂತಿಸಾಗರವೆಂಬ ಹೆಸರೂ ಬಳಕೆಯಲ್ಲಿದೆ. ಕಿವಿಗೆ ಅದು ಇಂಪೇ. ಆದರೆ ನೆಲವು ಇಂದಿಗೂ ನೀರಿನಡಿಯಲ್ಲಿದೆ; ಚನ್ನಗಿರಿಯ ಗದ್ದೆಗಳೂ ಚಿತ್ರದುರ್ಗದ ಮನೆಗಳೂ ಆ ನೀರನ್ನು ಉಣ್ಣುತ್ತಿವೆ. ಕೊಂಡುದನ್ನು ಉಳಿಸಿಕೊಂಡು ಕೊಟ್ಟ ಬೆಲೆಯನ್ನು ಮಾತ್ರ ಹಿಂದೆಗೆಯುವುದು ಸಭ್ಯತೆಯೆನಿಸದು. ಹಳೆಯ ಹೆಸರನ್ನು ನಾಚದೆ ನುಡಿಯುವುದೇ ಆ ಕರಾರನ್ನು ಸಲಿಸುವ ರೀತಿ.