ಫಗಾ ಎಂಬುದು ಒಂದೇ ಅಣಬೆಯಲ್ಲ

ಚಳಿಗಾಲ ಮುಗಿಯುವ ಹೊತ್ತಿಗೆ ರಫ್ಹಾ, ಹಫರ್ ಅಲ್ ಬಾತಿನ್ ಕಡೆಯ ಮರುಭೂಮಿಯಿಂದ ಫಗಾ ಮಾರುಕಟ್ಟೆಗೆ ಬರುತ್ತದೆ. ಕರಾವಳಿಯವರಿಗೆ ಕಲ್ಲಣಬೆ ಎಂದರೆ ಬೇಗ ಅರ್ಥವಾದೀತು: ಇದೂ ನೆಲದೊಳಗೆ ಮೂಡುವ ಅಣಬೆ, ಇದನ್ನೂ ಜನ ಗುಡುಗಿನೊಂದಿಗೆ ತಳಕು ಹಾಕುತ್ತಾರೆ. ಇದರ ನೀರು ಕಣ್ಣಿಗೆ ಮದ್ದು ಎಂಬ ಪ್ರವಾದಿ ವಚನವೂ ಉಂಟು. ಆ ನೀರನ್ನು ಹಾಗೆಯೇ ಬಳಸಬೇಕೋ, ಬೇರೆ ಔಷಧದೊಡನೆ ಬೆರೆಸಬೇಕೋ ಎಂದು ಹಳೆಯ ಅರಬ್ ಪಂಡಿತರೇ ಚರ್ಚಿಸಿದ್ದಾರೆ. ನಮ್ಮ ವಾಟ್ಸಾಪ್ ಪಂಡಿತರಿಗೆ ಆ ಅನುಮಾನವಿಲ್ಲ. ‘ವಿಜ್ಞಾನವೂ ಒಪ್ಪಿದೆ’ ಎಂದುಬಿಡುತ್ತಾರೆ.

ವಿಜ್ಞಾನ ಒಪ್ಪಿದ್ದೆಷ್ಟು? 2004ರಲ್ಲಿ ಜೋರ್ಡಾನಿನ ಸಂಶೋಧಕರು ಟರ್ಫೀಜಿಯಾ ಕ್ಲೇವರಿ ಎಂಬ ಫಗಾದ ನೀರಿನ ಸಾರವು ಸ್ಟೆಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಿತೆಂದು ಪ್ರಕಟಿಸಿದರು. ಕಣ್ಣುಕುಟಿಕೆಗೆ ಸಾಮಾನ್ಯ ಕಾರಣವೇ ಆ ಬ್ಯಾಕ್ಟೀರಿಯಾ. ಆದ್ದರಿಂದ ಇದು ತಳ್ಳಿಹಾಕುವ ಕೆಲಸವಲ್ಲ. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದು, ರೋಗಿಯ ಕಣ್ಣಿನಲ್ಲಲ್ಲ. ಅಡುಗೆಮನೆಯಲ್ಲಿ ಹಿಂಡಿದ, ಮಣ್ಣಿನ ಸೂಕ್ಷ್ಮಜೀವಿಗಳಿರುವ ರಸವನ್ನು ಮಗುವಿನ ಕಣ್ಣಿಗೆ ಬಿಟ್ಟರೆ ಕಾರ್ನಿಯಾದಲ್ಲಿ ಹುಣ್ಣಾಗಬಹುದು. ಅದು ಮಾಯ್ದರೂ ಕಲೆ ಉಳಿದು ದೃಷ್ಟಿ ಮಂಕಾಗಬಹುದು.

ನನ್ನ ದೊಡ್ಡ ತಕರಾರು ಬೇರೆ. ಅಂಗಡಿಯಲ್ಲಿ ‘ಫಗಾ’ ಎಂಬ ಒಂದೇ ಹೆಸರಿನಡಿ ಬಿಳಿಯ ಜುಬೈದಿಯೂ ಇದೆ, ಕೆಂಪುಛಾಯೆಯ ಖಲಾಸಿಯೂ ಇದೆ. ಜುಬೈದಿ ಟಿರ್ಮಾನಿಯಾ ಕುಲದ್ದು, ಖಲಾಸಿ ಟರ್ಫೀಜಿಯಾ ಕುಲದ್ದು. ಇಷ್ಟು ಕಣ್ಣಿಗೆ ಕಾಣುವ ಭೇದ. ಕಾಣದ್ದು ಇನ್ನೂ ಇದೆ: 2009ರಲ್ಲಿ ಟರ್ಫೀಜಿಯಾ ಬೌಡಿಯೇರಿ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಅಣಬೆಗಳ ಡಿಎನ್ಎ ನೋಡಿದವರಿಗೆ, ಅವು ಒಂದೇ ಪ್ರಭೇದವಲ್ಲ, ಹೊರನೋಟಕ್ಕೆ ಬೇರ್ಪಡಿಸಲಾಗದ ಹಲವು ಎಂಬ ಸುಳಿವು ಸಿಕ್ಕಿತು. ಹಾಗಿರುವಾಗ ಮಾರುಕಟ್ಟೆಯಿಂದ ಕೊಂಡು ತಂದ ಗಡ್ಡೆಯೊಂದನ್ನು ಅರೆದು ‘ಫಗಾದಲ್ಲಿ ಈ ಗುಣವಿದೆ’ ಎಂದು ಬರೆಯುವ ಪ್ರಬಂಧವನ್ನು ಹೇಗೆ ನಂಬುವುದು? ಉತ್ತರ ಆಫ್ರಿಕಾದಿಂದ ಬಂದದ್ದೂ ಇಲ್ಲಿ ಅದೇ ಬುಟ್ಟಿಯಲ್ಲಿರುತ್ತದೆ! ಒಂದು ಮಾತ್ರೆಯಲ್ಲಿ ಏನಿದೆ ಎಂದು ತಿಳಿಯದೆ ನಾವು ಚೀಟಿ ಬರೆಯುತ್ತೇವೆಯೇ?

ಇನ್ನೊಂದು ವಿಷಯ. ಈ ಅಣಬೆ ತಾನಾಗಿ ಬೆಳೆಯುವುದಿಲ್ಲ. ರುಗ್ರೂಗ್ ಎಂಬ ಪುಟ್ಟ ಗಿಡದ (ಹೀಲಿಯಾಂಥಮಮ್) ಬೇರಿನೊಡನೆ ಕೂಡಿ ಬದುಕುತ್ತದೆ. ಗಾಡಿಯ ಚಕ್ರಕ್ಕೋ ಅತಿಮೇವಿಗೋ ಒಂದು ಬಯಲಿನ ಗಿಡಗಳು ಹೋದರೆ, ಅಲ್ಲಿನ ಫಗಾದ ತಳಿಯೂ ಹೋಗಬಹುದು. ಔಷಧಗುಣವಿದ್ದದ್ದು ಅದರಲ್ಲೋ ಪಕ್ಕದ ಬಯಲಿನದರಲ್ಲೋ ಎಂದು ಆಮೇಲೆ ಯಾರನ್ನು ಕೇಳುವುದು? ಆದ್ದರಿಂದ ಗುಣ ಪರೀಕ್ಷಿಸುವವರು ಮೊದಲು ಅಗೆದ ಜಾಗ, ಜೊತೆಗಿದ್ದ ಗಿಡ, ಡಿಎನ್ಎ ಗುರುತು ಇವನ್ನು ಬರೆದಿಟ್ಟು, ಅದೇ ಗಡ್ಡೆಯ ಒಂದು ತುಂಡನ್ನು ಒಣಗಿಸಿ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇಡಲಿ.